ಜಾಂಬೋಟಿ ಏರಿನಲ್ಲಿ ಬೀಳದ ಗೇರು

ಅನಗೋಳ, ಬೆಳಗಾವಿ
ಸೋಮವಾರ, 11 ನವೆಂಬರ್ 2024

ಓಂಕಾರ,

ಮಡಗಾಂವಿನಲ್ಲಿ ನೀನು ಆರಾಮ ಇದ್ದೀ ಎಂದುಕೊಂಡಿದ್ದೇನೆ. ಕಾಗದ ಬರೆಯುವಾಗ ಮೊದಲು ಆರೋಗ್ಯ ಕೇಳಬೇಕೆಂದು ನಮ್ಮಿಬ್ಬರಿಗೂ ಸಾಲೆಯಲ್ಲಿ ಒಬ್ಬರೇ ಮಾಸ್ತರರು ಕಲಿಸಿದ್ದರು. ಅದಕ್ಕೆ ಕೇಳಿದ್ದೇನೆ, ಬೇರೆ ಕಾರಣಕ್ಕಲ್ಲ. ನೀನು ಕೇಳದಿದ್ದರೂ ಇಲ್ಲಿಯವರದನ್ನು ಹೇಳುತ್ತೇನೆ. ಅವ್ವ ಈಗ ಒಂದೇ ಕೋಲಿನ ಮೇಲೆ ಬಾಗಿಲ ತನಕ ಬರುತ್ತಾಳೆ, ಮೆಟ್ಟಿಲು ಇಳಿಯುವುದಿಲ್ಲ. ಅಪ್ಪನಿಗೆ ಬಿಪಿ ಇದೆ, ಗುಳಿಗೆ ಮರೆಯುತ್ತಾನೆ, ನಾನು ನೆನಪಿಸಿದರೆ ಬೈಯುತ್ತಾನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ‘ಹಲೋ’ ಅನ್ನುವಷ್ಟರಲ್ಲಿ ನೀನು ಫೋನು ಇಡುತ್ತೀ, ಮಾತು ರೆಕಾರ್ಡು ಮಾಡಿ ಕಳಿಸಿದರೆ ಅರ್ಧ ಕೇಳಿ ಬಿಡುತ್ತೀ. ಕಾಗದವನ್ನಾದರೂ ಕೊನೆಯ ತನಕ ಓದು. ಸಣ್ಣವನಿದ್ದಾಗ ನಿನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸಾಲೆಗೆ ಒಯ್ದವಳು ನಾನು. ಅಷ್ಟು ಕೇಳುವ ಹಕ್ಕು ನನಗಿದೆ.

ನೀನು ಕಳಿಸಿದ ಗೇರ್ ಬಾಕ್ಸು ಹೋದ ತಿಂಗಳ ಕೊನೆಯ ಗುರುವಾರ ಬಂತು. ಕಟ್ಟಿಗೆಯ ಪೆಟ್ಟಿಗೆಯನ್ನು ಟೆಂಪೋದವನು ಗ್ಯಾರೇಜಿನ ಬಾಗಿಲಿಗೆ ಇಳಿಸಿ, ಸಹಿ ಮಾಡಿಸಿಕೊಂಡು ಹೋದ. ಬಿಚ್ಚಿ ನೋಡಿದೆ. ಯಾವುದೋ ಜಪಾನಿ ಕಾರಿನದು, ಐದು ಗೇರು, ಒಳಗೆಲ್ಲ ಚೊಕ್ಕ ಮಾಡಿದ್ದೀ, ಕೆಲಸ ಚೆನ್ನಾಗಿದೆ. ನಿನ್ನ ಕೈ ಕೆಟ್ಟದೆಂದು ನಾನು ಯಾವತ್ತೂ ಹೇಳಿಲ್ಲ. ಆದರೆ ಅದರ ಮೇಲೆ ಅಂಟಿಸಿದ ಚೀಟಿ ಓದಿದ ಮೇಲೆ ಆ ಪೆಟ್ಟಿಗೆಯನ್ನು ರಸ್ತೆಗೆ ದಬ್ಬಬೇಕೆನ್ನಿಸಿತು. ‘ಎಂಜಿಗೆ ಇದನ್ನ ಹಾಕು. ಹಳೇದನ್ನ ಗುಜರಿಗೆ ಕೊಡು. ಆವಾಗ ತಪ್ಪು ಯಾರದು ಅಂತ ಎಲ್ಲಾರಿಗೂ ತಿಳೀತದ.’ ಮನೆ ಬಿಟ್ಟು ಹೋದ ಎರಡು ವರ್ಷದಲ್ಲಿ ನೀನು ಈ ಮನೆಗೆ ಬರೆದದ್ದು ಈ ಮೂರು ಸಾಲು. ಅವ್ವನ ಕಾಲು ಹೇಗಿದೆ ಎಂಬ ನಾಲ್ಕನೆಯ ಸಾಲಿಗೆ ನಿನ್ನ ಪೆನ್ನಿನಲ್ಲಿ ಶಾಯಿ ಇರಲಿಲ್ಲ.

ಹಳೆಯ ಗೇರ್ ಬಾಕ್ಸು ಗುಜರಿಗೆ ಹಾಕುವ ವಸ್ತು ಅಲ್ಲ ಎಂದು ನಿನಗೆ ನಾನು ಹೇಳಬೇಕೇ? ಕ್ಯಾಂಪಿನ ಮೇಜರ್ ಸಾಹೇಬರು ಕಣ್ಣು ಮಂದವಾದ ಮೇಲೆ ಆ ಹಸಿರು ಎಂಜಿ ಕಾರಿನ ಕೀಲಿಯನ್ನು ಅಪ್ಪನ ಅಂಗೈಯಲ್ಲಿ ಇಟ್ಟು ಹೋದರು. ಮೂವತ್ತು ವರ್ಷ ಅದರ ಎಂಜಿನ್ನಿಗೆ ಅಪ್ಪನದು ಬಿಟ್ಟು ಬೇರೆಯವರ ಸ್ಪ್ಯಾನರು-ಪಾನಾ ಮುಟ್ಟಿಲ್ಲ ಎಂಬುದೇ ಅದಕ್ಕೆ ಕಾರಣ. ಅರವತ್ತು ವರ್ಷದ ಬ್ರಿಟಿಷ್ ಗಾಡಿ. ನಾಲ್ಕೇ ಗೇರು, ಗಾಡಿ ಪೂರ್ತಿ ನಿಂತ ಹೊರತು ಮೊದಲನೆಯದು ಬೀಳುವುದಿಲ್ಲ. ಅದು ಅದರ ಸ್ವಭಾವ, ರೋಗವಲ್ಲ. ಬೆಳಗಾವಿಯಲ್ಲಿ ನಮ್ಮಪ್ಪ ಸಾತಪ್ಪ ಮೇಸ್ತ್ರಿ ಎಂದರೆ ಆ ಕಾರು ಓಡಿಸುವವನು ಎಂದೇ ಜನಕ್ಕೆ ಗೊತ್ತು. ಗೇರ್ ಬಾಕ್ಸನ್ನು ಅಪ್ಪ ಪೂರ್ತಿ ಬಿಚ್ಚಿ ಕೂಡಿಸಿದ್ದು ಅಪಘಾತಕ್ಕೆ ನಾಲ್ಕು ತಿಂಗಳು ಮೊದಲು. ಅದನ್ನು ತೆಗೆದು ನಿನ್ನದನ್ನು ಹಾಕಿದರೆ ಅಪ್ಪನ ಕೆಲಸದಿಂದಲೇ ಅವ್ವನ ಕಾಲು ಮುರಿಯಿತು ಎಂದು ನಾವೇ ಊರಿಗೆಲ್ಲ ಸಾರಿದ ಹಾಗೆ. ನಿನಗೆ ಬೇಕಾದದ್ದೂ ಅದೇ.

ಆ ದಿನದ್ದು ನಾನು ಮರೆತಿಲ್ಲ. ನೀನು ಅವ್ವನನ್ನು ಕೂರಿಸಿಕೊಂಡು ಕಣಕುಂಬಿಗೆ, ಅವ್ವನ ತಂಗಿ ಮಾಯಕ್ಕ ಮಾವಶಿಯ ಮನೆಗೆ ಹೊರಟಿದ್ದೆ. ಜಾಂಬೋಟಿ ದಾಟಿದ ಮೇಲಿನ ಏರಿನಲ್ಲಿ ಮುಂದೆ ಎಮ್ಮೆಗಳು ಅಡ್ಡ ಬಂದವು, ನೀನು ಗಾಡಿ ನಿಲ್ಲಿಸಿದೆ, ಮತ್ತೆ ಹೊರಡುವಾಗ ಗೇರು ಬೀಳಲಿಲ್ಲ. ಗಾಡಿ ಹಿಂದಕ್ಕೆ ಜಾರಿ ಗಟಾರಕ್ಕೆ ಬಿದ್ದಿತು, ಅವ್ವನ ಎಡ ತೊಡೆಯ ಎಲುಬು ಮುರಿಯಿತು. ಖಾನಾಪುರದ ದವಾಖಾನೆಗೆ ನಾನು ಓಡಿ ಬಂದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ನಿನ್ನ ಅಂಗಿಯ ತುಂಬ ಕೆಸರು. ‘ಗೇರ ಬೀಳಲಿಲ್ಲ ಅಕ್ಕಾ’ ಅಂದೆ. ಅವ್ವ ಹೇಗಿದ್ದಾಳೆ ಎಂದು ಹೇಳುವ ಮೊದಲು ಗೇರಿನ ಮಾತು. ನಾನು ಎಲ್ಲರೆದುರು ನಿನ್ನ ಕೆನ್ನೆಗೆ ಹೊಡೆದು, ‘ಫೋನಿನ್ಯಾಗ ಮಾತಾಡಕೋತ ಗಾಡಿ ಹೊಡದಿ, ಈಗ ಅಪ್ಪನ ಕೆಲಸಕ್ಕ ಹೆಸರ ಇಡ್ತಿ’ ಅಂದೆ. ಮರುದಿನ ಗ್ಯಾರೇಜಿನಲ್ಲಿ ಸಮ ಜಾಗದಲ್ಲಿ ನಾನೇ ಹಾಕಿ ನೋಡಿದೆ, ಮೊದಲ ಗೇರು ಸರಿಯಾಗಿ ಬಿತ್ತು. ಅದನ್ನೂ ಎಲ್ಲರಿಗೆ ಹೇಳಿದೆ. ಹದಿನೈದು ದಿನದಲ್ಲಿ ನೀನು ಬಟ್ಟೆ ತುಂಬಿಕೊಂಡು ಗೋವಾಕ್ಕೆ ಹೋದೆ. ಅಪ್ಪ ಆ ಕಾರಿಗೆ ತಾಡಪಾಲು ಹೊದಿಸಿದ, ಯಾರಿಗೂ ಅದನ್ನು ಮುಟ್ಟಗೊಡಲಿಲ್ಲ. ಅವತ್ತಿನಿಂದ ಪಾನಾ ಹಿಡಿದಿಲ್ಲ. ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಗಿರಾಕಿಗಳು ಬಂದರೆ ನನ್ನ ಕಡೆ ಕೈ ತೋರಿಸುತ್ತಾನೆ. ಇದೆಲ್ಲ ನಿನಗೆ ಹೇಳಿದವರು ಯಾರೂ ಇರಲಿಕ್ಕಿಲ್ಲ. ಈಗ ತಿಳಿದುಕೋ.

ಪೆಟ್ಟಿಗೆ ಬಂದ ಮರುದಿನ ಶಬ್ಬೀರ ಚಾಚಾನನ್ನು ಕರೆದೆ. ಪಕ್ಕದ ಓಣಿಯಲ್ಲಿ ಅವರ ಲೇಥ್ ಯಂತ್ರ ಇನ್ನೂ ನಡೆಯುತ್ತಿದೆ, ನಿನ್ನನ್ನು ಆಗಾಗ ಕೇಳುತ್ತಾರೆ. ಟೇಪು ಹಿಡಿದು ಅಳೆದು ನೋಡಿ, ‘ಹುಡುಗ ಚಲೋ ಮಾಲ ಕಳಿಸ್ಯಾನ’ ಅಂದರು. ಏರಿನಲ್ಲಿ ಮೊದಲ ಗೇರು ಬೆಣ್ಣೆಯ ಹಾಗೆ ಬೀಳುತ್ತದೆ, ಹೈವೇದಲ್ಲಿ ಎಂಜಿನ್ನು ಒದರುವುದಿಲ್ಲ, ಪೆಟ್ರೋಲೂ ಉಳಿಯುತ್ತದೆ ಅಂದರು. ಇದನ್ನು ಬರೆಯುತ್ತಿದ್ದೇನೆ ಏಕೆಂದರೆ ನಾನು ನ್ಯಾಯ ಬಿಟ್ಟು ಮಾತಾಡುವವಳಲ್ಲ. ಆದರೆ ನಿನ್ನದು ಹಳೆಯದಕ್ಕಿಂತ ಅಗಲ. ಎರಡೂ ಸೀಟಿನ ನಡುವಿನ ಉಬ್ಬು ತಗಡನ್ನು ಕತ್ತರಿಸಿ ಹೊಸದು ಬೆಸೆಯಬೇಕು. ಚಾಚಾ ಕೈಯಿಂದ ತಗಡನ್ನು ಬಡಿದು, ‘ಕತ್ತರಸಾಕ ಅರ್ಧಾ ತಾಸು ಸಾಕು ಬೇಟಿ. ಆದ್ರ ಮತ್ತ ಮೊದಲಿನಂಗ ಮಾಡಾಕ ನನ್ನಿಂದ ಆಗೂದಿಲ್ಲ, ಯಾರಿಂದನೂ ಆಗೂದಿಲ್ಲ. ಸಾತಪ್ಪನ್ನ ಕೇಳು’ ಅಂದರು.

ಅಪ್ಪ ಕುರ್ಚಿಯಲ್ಲಿಯೇ ಇದ್ದ. ನಾನು ಕೇಳಲೇ ಇಲ್ಲ. ಅವನೇ ‘ಹಾಕು’ ಅಂದ. ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅನ್ನಿಸಿತು. ‘ಕತ್ತರಿಸಬೇಕಾಗ್ತದ ಅಪ್ಪಾ’ ಅಂದೆ. ‘ಕತ್ತರಸು. ಅಂವ ಹಾಕು ಅಂದಾನಲ್ಲ’ ಅಂದ. ಎಪ್ಪತ್ತೊಂದು ವರ್ಷದ ಮನುಷ್ಯ ತನ್ನ ಕೈಯ ಕೆಲಸವನ್ನು ತಾನೇ ಗುಜರಿಗೆ ಹಾಕು ಎನ್ನುವ ಹಾಗೆ ಮಾಡಿದ್ದೀ. ನಿನ್ನ ಮೇಲೆ ಅವತ್ತು ಎಷ್ಟು ಸಿಟ್ಟು ಬಂತೆಂದರೆ, ನೀನು ಎದುರಿಗಿದ್ದರೆ ಇನ್ನೊಂದು ಕೆನ್ನೆಗೂ ಬೀಳುತ್ತಿತ್ತು. ಕತ್ತರಿಸುವ ಮೊದಲು ಹಳೆಯದನ್ನು ಬಿಚ್ಚಿ ನೋಡುತ್ತೇನೆ, ಅದರಲ್ಲಿ ತಪ್ಪಿಲ್ಲ ಎಂದು ತೋರಿಸುತ್ತೇನೆ, ಆಮೇಲೆ ನಿನ್ನ ಪೆಟ್ಟಿಗೆಯನ್ನು ನಿನ್ನ ಬಾಗಿಲಿಗೇ ಎಸೆಯುತ್ತೇನೆ ಎಂದು ಹಟ ಹಿಡಿದೆ.

ಎಂಜಿನ್ನನ್ನೂ ಜೊತೆಗೇ ಎತ್ತಬೇಕಾಯಿತು. ಚಾಚಾ ಚೈನು ಹಿಡಿದರು, ನಾನು ಕೆಳಗೆ ಮಲಗಿ ಬೋಲ್ಟು ಬಿಚ್ಚಿದೆ. ಮರುದಿನ ಶನಿವಾರ ಮಧ್ಯಾಹ್ನ ಗೇರ್ ಬಾಕ್ಸು ಬೆಂಚಿನ ಮೇಲೆ ಬಂತು. ಅಪ್ಪ ಕುರ್ಚಿಯನ್ನು ತಾನೇ ಎಳೆದುಕೊಂಡು ಹತ್ತಿರ ಬಂದ. ಎರಡು ವರ್ಷದಲ್ಲಿ ಮೊದಲ ಸಲ. ಬದಿಯ ಮುಚ್ಚಳ ತೆಗೆದೆ. ಗೇರುಗಳ ಹಲ್ಲು ಒಂದೂ ಮುರಿದಿಲ್ಲ, ಬೇರಿಂಗು ಹೊಸದರ ಹಾಗೆ. ನಾನು ಗೆದ್ದೆ ಅನ್ನುವಷ್ಟರಲ್ಲಿ ಅಪ್ಪ ಒಳಗೆ ಬೆರಳು ಹಾಕಿದ. ಮೊದಲ ಗೇರನ್ನು ದಬ್ಬುವ ಫೋರ್ಕು ತನ್ನ ರಾಡಿನ ಮೇಲೆ ಕದಲದ ಹಾಗೆ ಒಂದು ಸ್ಕ್ರೂ ಇರುತ್ತದೆ, ಸ್ಕ್ರೂ ಸಡಿಲಾಗದ ಹಾಗೆ ಅದರ ಮೇಲೆ ಒಂದು ಲಾಕ್ ನಟ್ಟು. ಆ ನಟ್ಟು ಅಪ್ಪನ ಬೆರಳಿಗೇ ತಿರುಗಿತು. ಅದರ ಕೆಳಗಿನ ಸ್ಕ್ರೂ ಕೂಡ. ಸಮ ಜಾಗದಲ್ಲಿ ಗೇರು ಬೀಳುತ್ತದೆ, ಏರಿನಲ್ಲಿ ಗಡಬಡಿಸಿ ದಬ್ಬಿದರೆ ಫೋರ್ಕೇ ಜಾರುತ್ತದೆ. ಚಾಚಾ ಕೈ ಒರೆಸಿಕೊಳ್ಳುತ್ತ ನಿಂತರು. ಅಪ್ಪ ಆ ನಟ್ಟನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡ. ಆಮೇಲೆ, ‘ನನ್ನ ಕೈ ಮರೀತು’ ಅಂದ. ಅಷ್ಟೇ. ಎದ್ದು ಮನೆಗೆ ಹೋಗಿ, ಊಟ ಮಾಡದೆ ಮಲಗಿದ.

ಈಗ ನಿನಗೆ ಸಮಾಧಾನವಾಯಿತೇ? ಹೌದು, ಗೇರ್ ಬಾಕ್ಸಿನಲ್ಲಿ ತಪ್ಪಿತ್ತು. ನೀನು ಹೇಳಿದ್ದು ಖರೇ ಇತ್ತು. ಆದರೆ ಏರಿನಲ್ಲಿ ನಿಂತ ಗಾಡಿಗೆ ಹ್ಯಾಂಡ್ ಬ್ರೇಕು ಎಂಬುದೊಂದು ಇರುತ್ತದೆ, ಅದನ್ನು ಎಳೆದಿದ್ದರೆ ಗೇರು ಬೀಳದಿದ್ದರೂ ಅವ್ವನ ಕಾಲು ಉಳಿಯುತ್ತಿತ್ತು. ಅದನ್ನು ಎಳೆಯಲಿಲ್ಲ ಎಂಬುದನ್ನು ನೀನು ಯಾರಿಗೂ ಹೇಳಿಲ್ಲ. ಮತ್ತು ತಪ್ಪು ಯಾರದೇ ಇರಲಿ, ಅಪ್ಪನ ಎದುರು ಕುಳಿತು ಹೇಳುವ ಬದಲು ಚೀಟಿ ಅಂಟಿಸಿ ಕಳಿಸುವುದು ಗಂಡಸುತನವಲ್ಲ.

ಆ ಸಂಜೆ ಅವ್ವನಿಗೆ ಹೇಳಿದೆ. ಗೋಧಿ ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ‘ಮುರದಿದ್ದು ನನ್ನ ಕಾಲು. ಎರಡ ವರ್ಷ ಆತು, ನೀವ ಮೂರೂ ಮಂದಿ ಒಬ್ಬರರ ನನ್ನ ಕೇಳೀರೇನು’ ಅಂದಳು. ಏನು ಮಾಡಲಿ, ಹೊಸದು ಹಾಕಲೇ, ಹಳೆಯದು ಇಡಲೇ ಎಂದು ಕೇಳಿದೆ. ‘ಹೊಸಾದು ಹಾಕಿದ್ರ ಓಂಕಾರ ಮನಿಗಿ ಬರ್ತಾನಂದ್ರ ನಾಳೆನ ಕತ್ತರಿಸ್ರಿ. ಅದರಿಂದ ಅಂವ ಬರೂದಿಲ್ಲಂದ್ರ ಸುಮ್ನ ಚಲೋ ಗಾಡಿ ಯಾಕ ಕೆಡಸ್ತೀರಿ’ ಅಂದಳು. ಅದಕ್ಕೆ ಉತ್ತರ ನಿನ್ನಲ್ಲಿ ಇದೆಯೇ?

ಕೊನೆಗೆ ತೀರ್ಮಾನ ನಾನೇ ಮಾಡಿದೆ, ಏಕೆಂದರೆ ಬೇರೆ ಯಾರೂ ಮಾಡುವ ಹಾಗಿರಲಿಲ್ಲ. ಕತ್ತರಿಸುವುದಿಲ್ಲ. ಒಂದು ನಟ್ಟು ಸಡಿಲಾಗಿದ್ದ ಮಾತ್ರಕ್ಕೆ ಗಾಡಿಯ ಹೊಟ್ಟೆ ಸೀಳುವುದು ಸರಿಯಲ್ಲ. ಹೊಸ ಸ್ಕ್ರೂ ಹಾಕಿ, ನಟ್ಟು ಬಿಗಿದು, ಚಾಚಾನಿಂದಲೂ ಒಮ್ಮೆ ಪಾನಾ ಹಾಕಿಸಿ ನೋಡಿ ಮುಚ್ಚಿದೆ. ಒಂದು ವಾರ ಹಿಡಿಯಿತು. ನಿನ್ನೆ ಬೆಳಿಗ್ಗೆ ಒಬ್ಬಳೇ ಓಡಿಸಿಕೊಂಡು ಹೋದೆ. ಜಾಂಬೋಟಿಯಲ್ಲಿ ಭತ್ತ ಕೊಯ್ಯುತ್ತಿದ್ದರು, ಹಸಿರು ಕಾರು ನೋಡಿ ಹೆಂಗಸರು ನಕ್ಕು ಕೈ ಬೀಸಿದರು. ಅದೇ ಏರು, ಅದೇ ತಿರುವು. ನಡುವೆ ನಿಲ್ಲಿಸಿದೆ. ಹ್ಯಾಂಡ್ ಬ್ರೇಕು ಎಳೆದೆ. ಗೇರು ಹಾಕಿದೆ, ಬಿತ್ತು. ಐದು ಸಲ ನಿಲ್ಲಿಸಿ ಐದು ಸಲ ಹೊರಟೆ, ಐದೂ ಸಲ ಬಿತ್ತು. ಕಣಕುಂಬಿಯ ತನಕ ಹೋಗಿ ಮಾವಶಿಯ ಮನೆಯಲ್ಲಿ ಚಹಾ ಕುಡಿದು ಬಂದೆ. ಆದ್ದರಿಂದ ನಿನ್ನ ಐದು ಗೇರು ನಮಗೆ ಬೇಕಾಗಿಲ್ಲ. ಪೆಟ್ಟಿಗೆಗೆ ಮತ್ತೆ ಮೊಳೆ ಹೊಡೆದಿದ್ದೇನೆ, ಅದೇ ಟೆಂಪೋಕ್ಕೆ ಹಾಕುತ್ತೇನೆ. ಚೀಟಿಯನ್ನೂ ಒಳಗೇ ಇಟ್ಟಿದ್ದೇನೆ, ನಿನ್ನ ಸಾಮಾನು ನಿನ್ನ ಹತ್ತಿರವೇ ಇರಲಿ.

ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಚಾಚಾ ಸಲಾಮು ಹೇಳಿದ್ದಾರೆ. ನನ್ನ ಕಡೆಯಿಂದ ಹೇಳುವುದು ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಪ್ರಮಿಳಾ

ತಾ.ಕ.: ಪಾಕೀಟು ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಅಪಘಾತಕ್ಕೆ ಮೊದಲು ಆ ಫೋರ್ಕು ಕೂಡಿಸಿದವಳು ನಾನು, ಅಪ್ಪನಲ್ಲ. ಅಪ್ಪ ಮೊದಲ ಸಲ ನನ್ನನ್ನು ನಂಬಿ ಕೊಟ್ಟ ಕೆಲಸ ಅದು. ಸ್ಕ್ರೂ ಹಾಕಿ, ನಟ್ಟು ಬೆರಳಿನಿಂದ ಕೂಡಿಸಿದೆ, ಪಾನಾದಿಂದ ಬಿಗಿಯುವಷ್ಟರಲ್ಲಿ ಹೊರಗೆ ಗಿರಾಕಿ ಕರೆದರು. ತಿರುಗಿ ಬಂದು ಮುಚ್ಚಳ ಹಾಕಿಬಿಟ್ಟೆ. ಬಿಗಿದೆಯಾ ಎಂದು ಅಪ್ಪ ಕೇಳಿದಾಗ ಹೂಂ ಅಂದೆ. ಆ ಶನಿವಾರ ಅಪ್ಪ ‘ನನ್ನ ಕೈ ಮರೀತು’ ಅಂದಾಗ ನಾನು ಬಾಯಿ ಬಿಡಲಿಲ್ಲ. ಫೋನಿನ ಮಾತೂ ನಾನು ಕಟ್ಟಿದ್ದು. ನಿನ್ನ ಫೋನು ತನ್ನ ಚೀಲದಲ್ಲಿತ್ತು ಎಂದು ಅವ್ವ ಆ ವಾರವೇ ಹೇಳಿದ್ದಳು, ಮಗನನ್ನು ಉಳಿಸಲು ಹೇಳುತ್ತಿದ್ದಾಳೆ ಎಂದು ನಾನು ಅವಳನ್ನೂ ಬಯ್ದೆ. ನಿನ್ನೆ ಕಣಕುಂಬಿಯಿಂದ ಬಂದವಳೇ ಅಪ್ಪನ ಎದುರು ಎಲ್ಲ ಹೇಳಿದೆ. ಅವನು ತಲೆ ಎತ್ತಲಿಲ್ಲ. ‘ನನಗ ಗೊತ್ತೈತಿ. ಓಂಕಾರಗ ಗೊತ್ತಿಲ್ಲ. ಅವಗ ಬರಿ’ ಅಂದ. ಇದೊಂದನ್ನೇ ಬರೆಯಲು ಕೂತಿದ್ದೆ, ಉಳಿದದ್ದೆಲ್ಲ ಮೊದಲು ಬಂತು. ಪೆಟ್ಟಿಗೆಯನ್ನು ಕಳಿಸುವುದಿಲ್ಲ. ನೀನೇ ಬಂದು ಒಯ್ಯಿ.