ಕೊನೆಯ ಕಾಲಂ

ನವೆಂಬರ್ ೧೨, ಮಂಗಳವಾರ

ಆ ಕಾಲಂ ಖಾಲಿ ಬಿಡಬೇಡಿ ಎಂದು ಹೇಳಿದವನು ನಾನೇ. ಬೆಳಗಿನಿಂದ ಅದೊಂದೇ ಕೊರೆಯುತ್ತಿದೆ.

ಮೀಸೆ ಅಣ್ಣ ನಮ್ಮ ಪಾರ್ಸೆಲ್ ಕಂಪನಿಯಲ್ಲಿ ಹನ್ನೊಂದು ವರ್ಷ ಲಾರಿ ಓಡಿಸಿದವರು. ಹೋದ ವಾರ ಗೋದಾಮಿನ ಹೊರಗೆ ಸಾಲಿನಲ್ಲಿ ನಿಂತಿದ್ದ ಅವರ ಲಾರಿಗೆ ಸ್ಕೂಟರಿನವನೊಬ್ಬ ಹಿಂದಿನಿಂದ ಬಂದು ಗುದ್ದಿ ಸತ್ತ. ಅಪಘಾತದ ಫಾರಂ ತುಂಬಿಸುವುದು ನನ್ನ ಕೆಲಸ. ಕೊನೆಯ ಪ್ರಶ್ನೆ: ಇದನ್ನು ತಪ್ಪಿಸಲು ನೀವು ಏನು ಮಾಡಬಹುದಿತ್ತು?

"ನಿಂತಿದ್ದ ಗಾಡಿ ಕಣಪ್ಪ, ನಾನೇನ್ ಮಾಡ್ಲಿ?" ಅಂದರು.

"ಖಾಲಿ ಬಿಟ್ರೆ ಫಾರಂ ವಾಪಸ್ ಬರುತ್ತೆ ಅಣ್ಣ. ಏನಾದ್ರೂ ಒಂದು ಬರೀರಿ."

ಪೆನ್ನು ಕಚ್ಚುತ್ತಾ ಕೂತು, ಬರೆದರು: ಹತ್ತು ಅಡಿ ಮುಂದೆ ನಿಲ್ಲಿಸಬಹುದಿತ್ತು.

ಇವತ್ತಿನ ಮೀಟಿಂಗಿನಲ್ಲಿ ಮ್ಯಾನೇಜರ್ ಆ ಸಾಲಿನ ಕೆಳಗೆ ಗೆರೆ ಎಳೆದ. "ಅವನೇ ಒಪ್ಕೊಂಡಿದಾನಲ್ರೀ" ಅಂದ. ಐದು ನಿಮಿಷವೂ ಹಿಡಿಯಲಿಲ್ಲ. ತಪ್ಪು ಚಾಲಕನದು, ಕೆಲಸದಿಂದ ವಜಾ. ಆ ದಿನ ಅವರ ಲಾರಿಯ ಮುಂದೆ ಮೂರೇ ಅಡಿಗೆ ಇನ್ನೊಂದು ಲಾರಿ ನಿಂತಿತ್ತು. ಅದರ ಫೋಟೋ ನನ್ನ ಫೈಲಿನಲ್ಲೇ ಇತ್ತು. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಥೂ.

ಸಂಜೆ ವಜಾ ಆದೇಶವನ್ನು ಅಣ್ಣನ ಕೈಗೆ ಕೊಟ್ಟೆ. ಅವರು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು ಮೆಲ್ಲಗೆ ಕೇಳಿದರು: "ಹತ್ತಡಿ ಮುಂದೆ ನಿಲ್ಸಿದ್ರೆ ಅವನು ನಿಜವಾಗ್ಲೂ ಬದುಕ್ತಿದ್ನೇನಪ್ಪ?"

ಮುಂದೆ ಜಾಗವೇ ಇರಲಿಲ್ಲವಲ್ಲ ಅಣ್ಣ, ಮರೆತುಬಿಟ್ಟಿರಾ ಎನ್ನಲು ಬಾಯಿ ತೆರೆದೆ. "ಇಲ್ಲೊಂದು ಸಹಿ ಹಾಕಿ" ಎಂದಷ್ಟೇ ಹೊರಬಂತು.