ಬಟಾಣಿಯನ್ನು ಎತ್ತಿಕೊಳ್ಳುವ ಕೈ

ಮಾರ್ಚ್ 4
ಲೈಬ್ರರಿಯಲ್ಲಿ ಮೇಲಿನ ಕಪಾಟಿಗೆ ಪುಸ್ತಕ ಇಡುವಾಗ ಬಲಭುಜದ ಕೀಲು ಮತ್ತೆ ತಪ್ಪಿತು. ಐದನೇ ಸಲ. ಹಾಳಾದ್ದು, ನನ್ನ ಮಾತು ಒಂದೂ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಎಳೆದು ಕೂರಿಸಿದರು.
'ಆಪರೇಷನ್ ಮಾಡಿಸ್ಕೊಂಡ್ಬಿಡಿ. ಇಲ್ಲಾಂದ್ರೆ ಆರು ತಿಂಗಳು ವ್ಯಾಯಾಮ. ಗ್ಯಾರಂಟಿ ಕೊಡಲ್ಲ,' ಅಂದರು ಡಾಕ್ಟರ್.
ಆಪರೇಷನ್ ಆದರೆ ನಾಲ್ಕು ತಿಂಗಳು ಭಾರ ಎತ್ತುವ ಹಾಗಿಲ್ಲ. ತಂಗಿಯ ಮಗಳು ಬಟಾಣಿ ನನ್ನ ಹತ್ತಿರ ಇರುವುದು ಇನ್ನು ಮೂರೇ ತಿಂಗಳು.

ಮಾರ್ಚ್ 5
ಐದು ತಿಂಗಳ ಕೂಸನ್ನು ನನ್ನ ಮಡಿಲಿಗೆ ಹಾಕಿ ತಂಗಿ ದೂರದ ಕೆಲಸಕ್ಕೆ ಹೋದಳು. ಈಗ ಅದಕ್ಕೆ ಎರಡು ವರ್ಷ, ಹನ್ನೊಂದು ಕೆಜಿ. ಜೂನ್‌ನಲ್ಲಿ ಬಂದು ಕರೆದುಕೊಂಡು ಹೋಗುತ್ತಾಳೆ. ಆಮೇಲೆ ಭುಜ ಏನಾದರೂ ಆಗಲಿ. ವ್ಯಾಯಾಮವೇ ಸಾಕು ಅಂತ ಡಾಕ್ಟರಿಗೆ ಹೇಳಿ ಬಂದೆ.

ಮಾರ್ಚ್ 19, ಸಂಜೆ
ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ ಎಳೆಯುವುದು, ದಿನಕ್ಕೆ ಮೂರು ಸಲ. ಬಟಾಣಿ ಎದುರು ಕೂತು ಎಣಿಸುತ್ತಾಳೆ — ಒಂದು, ಎರಡು, ಎಂಟು.
ಫಿಸಿಯೋ ಬೈದಳು. 'ಮಗು ಎತ್ತಬೇಡಿ ಅಂದಿದ್ನಲ್ಲ ಅಕ್ಕಾ?'
ತಲೆಯಾಡಿಸಿದೆ. ಬೀಗದ ಕೈ ನನ್ನಲ್ಲೇ ಇರುತ್ತದೆ, ಮನೆಯೊಳಗೆ ಯಾರೂ ಇಲ್ಲ. ಆದರೂ ಡೇ ಕೇರ್‌ನಿಂದ ಬಂದ ಮೇಲೆ ಬಟಾಣಿಯನ್ನು ಎತ್ತಿ ಕಾಲಿಂಗ್ ಬೆಲ್ ಒತ್ತಿಸದೆ ನಾವು ಒಳಗೆ ಹೋಗುವವರಲ್ಲ. ಅದನ್ನು ಫಿಸಿಯೋಗೆ ಹೇಳಲಿಲ್ಲ.

ಏಪ್ರಿಲ್ 2
ಬೆಲ್ ಒತ್ತಿಸುವಾಗಲೇ ಕೀಲು ಮತ್ತೆ ತಪ್ಪಿತು. ಬಟಾಣಿಯನ್ನು ಬೀಳಿಸಲಿಲ್ಲ. ಎಡಗೈಯಲ್ಲಿ ಅವುಚಿಕೊಂಡು ಬಾಗಿಲಿಗೆ ಒರಗಿ ಕುಸಿದೆ. ಆದರೆ ಕಿರುಚಿದೆ. ಪಕ್ಕದ ಮನೆಯವರು ಬರುವವರೆಗೂ ಮಗು ನಡುಗುತ್ತಿತ್ತು. ತಪ್ಪು ನನ್ನದೇ.

ಏಪ್ರಿಲ್ 9
ಕೈ ಚಾಚಿದರೆ ಬಟಾಣಿ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ.
'ಬೇಡ. ದೊಡ್ಡಮ್ಮಂಗೆ ಉವ್ವಾ.'
'ಈ ಕೈಲಿ ಎತ್ಕೋತೀನಿ, ಬಾ ಪುಟ್ಟಾ.'
'ನಾ ನಡೀತೀನಿ.'
ಇವಳನ್ನು ಎತ್ತಿಕೊಳ್ಳಲೆಂದೇ ಅಲ್ಲವೇ ಇಷ್ಟೆಲ್ಲ...
ಪಕ್ಕದ ಮನೆಯವರು ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಾರೆ. 'ಅಕ್ಕಾ, ನಿಂಗೂ ಕಷ್ಟ. ಈ ವಾರಾನೇ ಬರ್ತೀನಿ,' ಅಂದಳು. ಬೇಡ ಅನ್ನಲು ನನಗೆ ಯಾವ ಮುಖವಿದೆ?

ಏಪ್ರಿಲ್ 14
ಹೋದರು. ಟ್ಯಾಕ್ಸಿವರೆಗೂ ಬಟಾಣಿ ನಡೆದೇ ಹೋದಳು.

ಏಪ್ರಿಲ್ 30
ಆಪರೇಷನ್‌ಗೆ ಒಪ್ಪಿದೆ. ಈಗೇನು ಅಡ್ಡಿ? ನರ್ಸ್ ಫಾರಂ ತುಂಬುತ್ತಿದ್ದಳು.
'ಮನೇಲಿ ಎತ್ಕೊಳ್ಳೋ ಅಂಥ ಚಿಕ್ಕ ಮಕ್ಕಳಿದಾರಾ?'
ಇಲ್ಲ ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ. ಅವಳು ಬರೆದುಕೊಂಡಳು. ತಡೀರಿ ಸಿಸ್ಟರ್, ಒಬ್ಬಳಿದಾಳೆ ಅನ್ನೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವಳು ಪುಟ ತಿರುಗಿಸಿದ್ದಳು.