ಹಿಮದ ಬಿಸಿಲು

ಮನಾಲಿ, ಜನವರಿ

ಪ್ರೀತಿಯ ಮಮ್ಮಿ,

ಹಿಮ ತುಂಬಿದ ಕಾಡುದಾರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಿ ಸ್ಪರ್ಧೆ ಮುಗಿಸಿದೆ. ಕಾಲಿಗೆ ಏನೂ ಆಗಿಲ್ಲ, ಮುಖ ಮಾತ್ರ ಸುಟ್ಟಿದೆ. ವೀಡಿಯೊ ಕಾಲ್ ಮಾಡಿದರೆ ನೀನು ಬೊಬ್ಬೆ ಹಾಕುತ್ತಿ ಎಂದೇ ಈ ಪತ್ರ.

ಕಾಪು ಬೀಚ್‌ನಲ್ಲಿ ಓಡಿದಾಗಲೆಲ್ಲ ನೀನು "ಕಪ್ಪಾಗ್ತಿ ಮಾರಾಯ್ತಿ, ಮದುವೆ ಉಂಟಲ್ವಾ?" ಎನ್ನುತ್ತಿದ್ದಿ. ಹಿಮದಲ್ಲಿ ಬಿಸಿಲಿಲ್ಲವೆಂದು ನಂಬಿ ನನ್ನನ್ನು ಇಲ್ಲಿಗೆ ಬಿಟ್ಟವಳೂ ನೀನೇ. ಆದರೆ ಬಿಸಿಲು ಹಿಮಕ್ಕೆ ಬಡಿದು ಕೆಳಗಿನಿಂದಲೂ ಸುಡುತ್ತದೆ. ಈಗ ಕನ್ನಡಕ ಇದ್ದಲ್ಲಿ ಮಾತ್ರ ಬಿಳಿ, ಉಳಿದದ್ದೆಲ್ಲ ದೋಸೆ ಕಾವಲಿಯ ಬಣ್ಣ. ಮೂಗಿನ ಚರ್ಮ ಸುಲಿಯುತ್ತಿದೆ.

ಬ್ರ್ಯಾಂಡನ್ ಮದುಮಗನಲ್ವಾ, ಮೊದಲು ಅವನೇ ನೋಡಲಿ ಎಂದು ಫೋಟೊ ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬರಲಿ, ಬಾರದಿರಲಿ, ಮದುಮಗಳ ಮುಖ ಇದೇ.

ಕ್ರೀಮ್ ತರಿಸಬೇಡ. ಬ್ಯೂಟಿಪಾರ್ಲರ್‌ನವಳಿಗೆ ಬರುವುದು ಬೇಡ ಎನ್ನು. ಶಂಕರಪುರದ ಮಲ್ಲಿಗೆ ಮಾತ್ರ ಕಡಿಮೆ ಮಾಡಬೇಡ. ಮದುವೆಯ ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ತೆಂಗಿನಹಾಲು ಹಚ್ಚುವಾಗ ಮೂಗಿನ ಮೇಲೆ ಮೆಲ್ಲಗೆ ಹಚ್ಚಲು ಆನಿ ಆಂಟಿಗೆ ಹೇಳು, ಉರಿಯುತ್ತದೆ. ಆ ಹಾಲು ನನ್ನನ್ನು ಹರಸುವುದಕ್ಕೆ, ಬಣ್ಣ ತೊಳೆಯುವುದಕ್ಕಲ್ಲ ಎಂದೂ ಹೇಳು.

ನಿನ್ನ ಕಪ್ಪು ಮಗಳು,
ಜೆನಿಟಾ